ದೀಪ ಹಚ್ಚುವ ಹೊತ್ತಿನ ಪ್ರಶ್ನೆ

ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಹುಡುಗಿಯರಿಗೆ ಟೈಪಿಂಗು, ಅಂಗಡಿ ಲೆಕ್ಕದ ತಂತ್ರಾಂಶ ಕಲಿಸುತ್ತೇನೆ. ಅದು ಹೊಟ್ಟೆಪಾಡು. ಅದರಾಚೆಗೆ ನನಗೊಂದು ಚಟವಿದೆ. ಯಾರಾದರೂ ಬಂದು ದಿನನಿತ್ಯದ ಒಂದು ಕಿರಿಕಿರಿ ಹೇಳಿಕೊಂಡರೆ ಸಾಕು, ಇದಕ್ಕೊಂದು ಆ್ಯಪ್ ಮಾಡಿದರೆ ಹೇಗೆ ಎಂದು ತಲೆಯಲ್ಲಿ ಹುಳ ಹೊಕ್ಕುಬಿಡುತ್ತದೆ. ಆ ಹುಳ ಇಳಿಯುವವರೆಗೂ ಒಲೆಯ ಮೇಲಿನ ಸಾರು ಉಕ್ಕಿದರೂ ನನಗೆ ಗೊತ್ತಾಗುವುದಿಲ್ಲ.

ಜನರೂ ಅಷ್ಟೇ, ಕೇಳುವುದಕ್ಕೆ ಸಂಕೋಚಪಡುವುದಿಲ್ಲ. ನಾಲೆಯಲ್ಲಿ ನೀರು ಬಿಟ್ಟ ಕೂಡಲೇ ಫೋನು ಕೂಗುವಂತೆ ಮಾಡು ಎಂದವರಿದ್ದಾರೆ. ಬಾಬುರಾಯನಕೊಪ್ಪಲಿನಿಂದ ಟೈಪಿಂಗಿಗೆ ಬರುವ ಹುಡುಗಿಯೊಬ್ಬಳು, ಮೈಸೂರು ರಸ್ತೆ ದಾಟುವುದಕ್ಕೆ ಯಾವಾಗ ಬಿಡುವು ಸಿಗುತ್ತದೆ ಅಂತ ಹೇಳುವ ಆ್ಯಪ್ ಬೇಕು ಟೀಚರ್ ಎಂದಳು. ಅದು ದೇವರ ಕೈಲೂ ಆಗುವುದಿಲ್ಲ ಹೋಗಮ್ಮ ಎಂದೆ.

ನಾನು ಮೊದಲು ಮಾಡಿದ್ದು ಆಟೋದ್ದು. ನಮ್ಮ ರೈಲು ನಿಲ್ದಾಣ ಊರಿಂದ ಆಚೆ ಇದೆ. ರೈಲು ಇಳಿದವರು ಲಗೇಜು ಹೊತ್ತು ಹೊರಗೆ ಬಂದರೆ ಒಮ್ಮೊಮ್ಮೆ ಒಂದು ಆಟೋನೂ ಇರುವುದಿಲ್ಲ. ಆಟೋದವರಿಗೆ ಒಂದು ಗುಂಡಿ ಕೊಟ್ಟೆ. ನಿಲ್ದಾಣಕ್ಕೆ ಹೋದ ಮೇಲೆ ಒತ್ತಿ, ರೈಲಿನಲ್ಲಿರುವವರಿಗೆ ಗೊತ್ತಾಗುತ್ತದೆ ಎಂದೆ. ಅವರು ಬಸ್ ಸ್ಟ್ಯಾಂಡಿನಲ್ಲಿ ಕೂತು ಟೀ ಕುಡಿಯುತ್ತಲೇ ಒತ್ತಿದರು. "ಓಗೇ ಓಗ್ತೀವಲ್ಲ ಮೇಡಂ, ಐದ್ ನಿಮಿಷ ಮುಂಚೆ ಒತ್ತುದ್ರೆ ಏನಾಯ್ತದೆ?" ಎಂದ ಒಬ್ಬ. ಬೈದು ಬೈದು ನನ್ನ ಗಂಟಲು ಕಟ್ಟಿತೇ ಹೊರತು ಅವರು ಬದಲಾಗಲಿಲ್ಲ. ಕೊನೆಗೆ ಆ ಆ್ಯಪ್ ತೆಗೆದುಹಾಕಿದೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ. ನಮ್ಮ ಕಡೆಯ ಹೆಂಗಸರ ಫೋನುಗಳಲ್ಲಿರುವ ಆ್ಯಪ್‌ಗಳನ್ನು ಒಮ್ಮೆ ತೆರೆದು ನೋಡಿದರೆ ಯಾರಿಗಾದರೂ ಕೋಪ ಬರುತ್ತದೆ. ಇರುವೆ ಸಾಲಿನಂಥ ಅಕ್ಷರ, ಯಾರ ಮನೆಯಲ್ಲೂ ಆಡದ ಕನ್ನಡ, ಒಂದು ಒತ್ತಿದರೆ ಇನ್ನೊಂದು ಬಾಗಿಲು, ಆ ಬಾಗಿಲಿಗೊಂದು ಗುಪ್ತಪದ. ಅದಕ್ಕೇ ನನ್ನದೊಂದು ಪರೀಕ್ಷೆ ಇಟ್ಟುಕೊಂಡಿದ್ದೆ. ಮುದ್ದೆ ತೊಳಸುತ್ತಿರುವ ಹೆಂಗಸು, ಎರಡು ಕೈಗೂ ಹಿಟ್ಟು ಮೆತ್ತಿಕೊಂಡಿರುವಾಗ, ಮೊಣಕೈಯಲ್ಲಿ ಒತ್ತಿದರೂ ಕೆಲಸ ಆಗಬೇಕು. ಆಗದಿದ್ದರೆ ಅದು ತಂತ್ರಾಂಶವೇ ಅಲ್ಲ. ಈ ಮಾತನ್ನು ಹೇಳಿಕೊಂಡು ಮೆರೆಯುತ್ತಿದ್ದೆ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದನ್ನೇ ಮುಂದೂಡುತ್ತಿದ್ದೆ.

ನಮ್ಮದು ಕೆ.ಆರ್. ಪೇಟೆಯಲ್ಲಿ ಚಿನ್ನ ಬೆಳ್ಳಿ ಕೆಲಸ ಮಾಡುತ್ತಿದ್ದ ಮನೆತನ. ಅಪ್ಪನ ಕಾಲಕ್ಕೇ ಕುಲುಮೆ ತಣ್ಣಗಾಯಿತು. ಅಕ್ಕನನ್ನು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆ ಒಂದು ಹಳ್ಳಿಗೆ ಕೊಟ್ಟರು. ಭಾವ ಬಡಗಿ, ಬಾಗಿಲು, ಕಿಟಕಿ, ಮಂಚ ಮಾಡುತ್ತಾರೆ. ಮನೆಯಲ್ಲಿ ಮಗ, ಸೊಸೆ, ಒಂದು ಮೊಮ್ಮಗು, ಎರಡು ಕರೆಯುವ ಹಸು. ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಹಾಸಿಗೆ ಹಿಡಿದಿದ್ದಾಗ ನನಗೆ ತಲೆ ಬಾಚಿ, ಬುತ್ತಿ ಕಟ್ಟಿ ಸ್ಕೂಲಿಗೆ ಕಳಿಸಿದವಳು ಅವಳೇ. ನನಗೆ ಅವಳ ಮೇಲೆ ಇರುವಷ್ಟು ಪ್ರೀತಿ ಇನ್ಯಾರ ಮೇಲೂ ಇಲ್ಲ. ಇದನ್ನು ಅವಳ ಮುಂದೆ ಒಮ್ಮೆಯೂ ಹೇಳಿದವಳಲ್ಲ, ಬರೀ ಜಗಳವಾಡಿದ್ದೇನೆ.

ಅಕ್ಕನಿಗೆ ಎದೆನೋವು ಬಂದಾಗ ಅದನ್ನು ಗ್ಯಾಸು ಎಂದಳು. ಬೆಳ್ಳುಳ್ಳಿ ಸುಟ್ಟು ತಿಂದಳು, ಸೋಡಾ ತರಿಸಿ ಕುಡಿದಳು, ಹಾಲು ಕರೆದಳು, ಡೈರಿಗೂ ಹಾಕಿ ಬಂದಳು. ಮಾರನೆಯ ದಿನ ಕೊಟ್ಟಿಗೆಯಲ್ಲಿ ಬಿದ್ದ ಮೇಲೆಯೇ ಮಿಕ್ಕವರಿಗೆ ಗೊತ್ತಾದದ್ದು. ಮೈಸೂರಿನ ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಕಳಿಸುವಾಗ ವೈದ್ಯರು ಭಾವನನ್ನೂ ನನ್ನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೃದಯದ ಬಲ ಕುಂದಿದೆ, ಮೈಯಲ್ಲಿ ನೀರು ತುಂಬಿಕೊಳ್ಳಬಹುದು. ಕಾಲು ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದರೆ, ಅವತ್ತೇ ಕರೆದುಕೊಂಡು ಬನ್ನಿ. ಬೇಗ ಬಂದರೆ ಮಾತ್ರೆಯಲ್ಲೇ ಸರಿಮಾಡಬಹುದು, ತಡವಾದ ಪ್ರತಿ ಸಾರಿಯೂ ಹೃದಯ ಇನ್ನಷ್ಟು ಸೋಲುತ್ತದೆ. ಅಂದರೆ ಅಕ್ಕನ ಜೀವ ನಿಂತಿದ್ದದ್ದು ಒಂದೇ ಒಂದರ ಮೇಲೆ: ಆರಾಮಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳುವುದರ ಮೇಲೆ.

ಅವಳು ಹೇಳುವವಳೇ ಅಲ್ಲ. ಫೋನು ಮಾಡಿ ಹೇಗಿದ್ದೀಯ ಎಂದರೆ "ಚೆಂದಾಗಿವ್ನಿ ಕಣವ್ವ, ನೀ ಎಂಗಿದ್ದೀಯೆ? ಉಂಡ್ಯಾ?" ಎಂದು ನನ್ನ ಕಡೆಗೇ ತಿರುಗಿಸುತ್ತಿದ್ದಳು. ಭಾವ ಕೇಳಿದರೂ ಅದೇ, ಮಗ ಕೇಳಿದರೂ ಅದೇ. ಆಗ ನನಗೆ ಹೊಳೆಯಿತು. ಮನುಷ್ಯರು ಕೇಳಿದರೆ ಅವಳಿಗೆ ದಾಕ್ಷಿಣ್ಯ. ಗಂಡನಿಗೆ ಕೆಲಸ ಕೆಡುತ್ತದೆ, ಮಗ ರಜೆ ಹಾಕಬೇಕಾಗುತ್ತದೆ, ತಂಗಿ ಗಾಬರಿಯಾಗುತ್ತಾಳೆ ಎಂಬ ಯೋಚನೆ. ಯಂತ್ರಕ್ಕೆ ಮುಖವಿಲ್ಲ. ಅದು ಗಾಬರಿಯಾಗುವುದಿಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ. ಯಂತ್ರ ಕೇಳಿದರೆ ನಿಜ ಹೇಳುತ್ತಾಳೆ.

ಎಷ್ಟು ಚೆಂದದ ಯೋಚನೆ ಅನ್ನಿಸಿತ್ತೆಂದರೆ, ಆ ವಾರವೆಲ್ಲ ನಾನು ಯಾರ ಮೇಲೂ ರೇಗಲಿಲ್ಲ.

ಆ್ಯಪ್ ಸರಳವಾಗಿತ್ತು. ದಿನಕ್ಕೊಂದು ಸಲ ಫೋನು ತಾನಾಗಿಯೇ ಬೆಳಗಿ, ನನ್ನ ಧ್ವನಿಯಲ್ಲಿ "ಅಕ್ಕಾ, ಆರಾಮಾಗಿದ್ದೀಯಾ?" ಎಂದು ಕೇಳುತ್ತದೆ. ಪರದೆಯ ತುಂಬ ಎರಡೇ ಗುಂಡಿ. ಹಸಿರಿನದು ಹೌದು, ಕೆಂಪಿನದು ಇಲ್ಲ. ಇಲ್ಲ ಎಂದು ಒತ್ತಿದರೆ, ಅಥವಾ ಏನೂ ಒತ್ತದೆ ಹೊತ್ತು ಮೀರಿದರೆ, ನನ್ನ ಫೋನೂ ಮಗನ ಫೋನೂ ಕೂಗಿಕೊಳ್ಳುತ್ತವೆ. ಎದೆ ನೋಯುತ್ತಿದೆಯಾ, ಕಾಲು ಊದಿದೆಯಾ ಎಂದು ಕೆಟ್ಟದ್ದನ್ನು ಬಾಯಲ್ಲಿ ಅಂದು ಕೇಳುವುದು ನಮ್ಮ ಕಡೆ ಸರಿಬರುವುದಿಲ್ಲ. ಅದಕ್ಕೇ ಒಳ್ಳೆಯ ಮಾತಿನಲ್ಲೇ ಪ್ರಶ್ನೆ ಇಟ್ಟೆ. ಇದು ಗೊತ್ತಿದ್ದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೆಂಗಳೂರಿನಲ್ಲಿ ಕೂತವರಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು ಎಂದುಕೊಂಡೆ.

ಸಮಯವನ್ನೂ ಅವಳನ್ನೇ ಕೇಳಿ ಇಟ್ಟದ್ದು. ಬೆಳಗ್ಗೆ ಹಾಲು, ಆಮೇಲೆ ಅಡುಗೆ, ಮಧ್ಯಾಹ್ನ ಹುಲ್ಲು, ಮೊಮ್ಮಗು. "ಸಂಜೇಲಿ ದೀಪ ಅಚ್ಚುದ್ ಮ್ಯಾಕೆ ಒಂದ್ ಗಳಿಗೆ ಕೂತ್ಕೊತೀನಿ, ಅವಾಗ ಕೇಳ್ಸು" ಎಂದಳು. ಆ ಮನೆಯಲ್ಲಿ ಫೋನು ಚಾರ್ಜಿಗೆ ಹಾಕುವ ಸಾಕೆಟ್ಟು ಇರುವುದು ನಡುಮನೆಯ ದೇವರ ಗೂಡಿನ ಪಕ್ಕದಲ್ಲಿ. ಫೋನಿಗೆ ಅಲ್ಲೇ ಜಾಗವಾಯಿತು. ಅಕ್ಕ ದೀಪ ಹಚ್ಚಿ ಕೈಮುಗಿದು ತಿರುಗುವುದಕ್ಕೂ ನನ್ನ ಧ್ವನಿ ಕೇಳುವುದಕ್ಕೂ ಸರಿಹೋಗುತ್ತಿತ್ತು.

ದಿನಾ ಹಸಿರು ಬರುತ್ತಿತ್ತು. ಸೆಂಟರಿನ ಬಾಗಿಲು ಹಾಕುವ ಹೊತ್ತಿಗೆ ನನ್ನ ಫೋನಿನಲ್ಲಿ ಹಸಿರು ಚುಕ್ಕೆ ಮೂಡಿದರೆ ನನಗೆ ಅವತ್ತಿನ ಊಟ ರುಚಿಸುತ್ತಿತ್ತು. ಸುದ್ದಿ ಹಬ್ಬಿ ಊರಿನ ಬೇರೆಯವರೂ ಕೇಳಿ ಹಾಕಿಸಿಕೊಂಡರು. ಎಲ್ಲರಿಗೂ ಹೊಂದಲಿ ಎಂದು ಎಲ್ಲರ ಫೋನಿಗೂ ಸಂಜೆಯನ್ನೇ ಇಟ್ಟೆ. ಶ್ರೀರಂಗಪಟ್ಟಣದ ಒಂದು ಕಾಲೇಜಿನವರು ಕರೆದು, ದಿನಬಳಕೆಗೆ ಬರುವ ತಂತ್ರಾಂಶ ಹೇಗಿರಬೇಕು ಎಂದು ಮಕ್ಕಳಿಗೆ ಹೇಳಿ ಎಂದರು. ಹೋದೆ. ಮುದ್ದೆ ಹಿಟ್ಟಿನ ಮೊಣಕೈ ಕಥೆ ಹೇಳಿ ನಗಿಸಿದೆ. ಆಟೋದವರು ಯಾಕೆ ಸುಳ್ಳು ಒತ್ತುತ್ತಾರೆ, ಅಕ್ಕ ಯಾಕೆ ಹಾಗೆ ಒತ್ತುವುದಿಲ್ಲ ಎಂದು ವಿವರಿಸಿದೆ. ಹಣ್ಣಿನ ಬುಟ್ಟಿ ಕೊಟ್ಟು ಶಾಲು ಹೊದಿಸಿದರು. ಹಣ್ಣುಗಳನ್ನು ಯಾರಿಗೂ ಕೊಡಬಾರದು, ಅಕ್ಕನಿಗೇ ತಲುಪಿಸಬೇಕು ಎಂದುಕೊಂಡೆ.

ಅದೇ ವಾರ ನಾಗಮಂಗಲದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಕೆಲಸ ಬಂತು. ಕೆಲಸ ಮುಗಿಸಿ, ಹಣ್ಣು ಹಿಡಿದುಕೊಂಡು, ಹೇಳದೆ ಕೇಳದೆ ಹೊಣಕೆರೆ ಕಡೆಯ ಬಸ್ಸು ಹತ್ತಿದೆ. ಹಳ್ಳಿ ತಲುಪಿದಾಗ ಹಸುಗಳು ಮನೆಗೆ ಬರುತ್ತಿದ್ದವು.

ಅಕ್ಕ ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಏಳಲು ಹೋದವಳು ಏಳದೆ ಕೈಯಷ್ಟೇ ಆಡಿಸಿದಳು. ಹತ್ತಿರ ಹೋದರೆ ಮಾತಿಗಿಂತ ಮೊದಲು ಉಸಿರಿನ ಸದ್ದು ಕೇಳಿತು. ಸೀರೆಯ ಕೆಳಗೆ ಪಾದ ಎಷ್ಟು ಊದಿತ್ತೆಂದರೆ, ಅಪ್ಪನೇ ಮಾಡಿಕೊಟ್ಟ ಬೆಳ್ಳಿ ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತುಹೋಗಿತ್ತು. ನಿನ್ನೆ ಸಂಜೆಯೂ ಹಸಿರು ಬಂದಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಗೋಡೆ ಹಿಡಿದು ಎದ್ದಳು. ಹೊತ್ತಾಯಿತು ಎಂದಳು. ಗೋಡೆಯನ್ನೇ ಹಿಡಿದು ನಡುಮನೆಗೆ ಹೋಗಿ, ಸ್ವಲ್ಪ ನಿಂತು ಉಸಿರು ತೆಗೆದುಕೊಂಡು, ದೀಪ ಹಚ್ಚಿದಳು. ಕೈಮುಗಿದಳು. ಪಕ್ಕದಲ್ಲಿ ಫೋನು ಬೆಳಗಿ ನನ್ನ ಧ್ವನಿ ಕೇಳಿತು: "ಅಕ್ಕಾ, ಆರಾಮಾಗಿದ್ದೀಯಾ?" ಅವಳು ಸೆರಗಿಗೆ ಬೆರಳು ಒರೆಸಿಕೊಂಡು, ಕುಂಕುಮ ತಾಗದ ಹಾಗೆ, ಹಸಿರನ್ನು ಒತ್ತಿದಳು. ನನ್ನ ಕೈಚೀಲದೊಳಗೆ ನನ್ನ ಫೋನು ಟಿಣ್ ಎಂದಿತು.

"ಏನಕ್ಕಾ ಇದು! ಉಸ್ರು ಬಿಡಾಕಾಯ್ತಿಲ್ಲ, ಹೌದು ಅಂತ ಒತ್ತೀಯಲ್ಲ?"

"ಮೆಲ್ಲಗ್ ಮಾತಾಡೆ. ದೀಪ ಅಚ್ಚಿವ್ನಿ" ಎಂದಳು.

"ದೀಪ ಹಚ್ಚುದ್ರೆ ಏನೀಗ?"

"ಮೂರ್ ಸಂಜೇಲಿ, ದೀಪದ್ ಮುಂದೆ ನಿಂತ್ಕಂಡು, ಇಲ್ಲ ಅನ್ನಕಾಯ್ತದೇನೆ? ಅಕ್ಕಿ ಮುಗುದ್ರೂ ನಮ್ಮವ್ವ ತುಂಬೈತೆ ಅಂತಿದ್ಲು. ಇಲ್ಲ ಅಂದಿದ್ ಕೇಳಿದ್ಯಾ ನೀನು?"

"ನೀ ಹೇಳ್ತಿರಾದು ಫೋನಿಗೆ, ದೇವ್ರಿಗಲ್ಲ!"

"ಫೋನು ಎಲ್ಲೈತೆ ನೋಡು" ಎಂದಳು ಅಕ್ಕ.

ನೋಡಿದೆ. ದೀಪದ ಬೆಳಕು ಫೋನಿನ ಮೇಲೆ ಬಿದ್ದಿತ್ತು. ಅವ್ವನ ಮಾತೂ ಕಿವಿಗೆ ಬಂತು. ಸಂಜೆ ಹೊತ್ತು ಯಾರಾದರೂ ಮೊಸರು ಕೇಳಿಕೊಂಡು ಬಂದರೆ, ಇಲ್ಲದಿದ್ದರೂ ಅವ್ವ ಇಲ್ಲ ಎನ್ನುತ್ತಿರಲಿಲ್ಲ, ನಾಳೆ ಬಾರವ್ವ ಎನ್ನುತ್ತಿದ್ದಳು. ಇದೆಲ್ಲ ನನಗೆ ಗೊತ್ತಿದ್ದದ್ದೇ. ನಾನೂ ಅದೇ ಮನೆಯಲ್ಲಿ ಬೆಳೆದವಳು. ಆದರೆ ನನ್ನ ಮಟ್ಟಿಗೆ ಅವು ಹಳೆಯ ಕಾಲದ ಮಾತುಗಳಾಗಿ, ನಗುವುದಕ್ಕೆ ಮಾತ್ರ ಉಳಿದುಕೊಂಡಿದ್ದವು. ಅಕ್ಕ ಅವುಗಳೊಳಗೇ ಬದುಕುತ್ತಿದ್ದಳು.

ಭಾವ ಕೊಟ್ಟಿಗೆಯಿಂದ ಬಂದರು. ನನ್ನ ಕಿರುಚಾಟ ಕೇಳಿ, ಅವಳ ಕಾಲು ನೋಡಿ, ಅವರ ಮುಖ ಬಿಳಿಚಿತು. "ದಿನಾ ಕೇಳ್ತಿದ್ದೆ ಕಣವ್ವ, ಫೋನು ಏನಂತು ಅಂತ. ಹಸ್ರು ಅಂತಿದ್ಲು. ಫೋನೇ ಚೆಂದಾಗವ್ಳೆ ಅಂದ್ ಮ್ಯಾಕೆ ನಾ ಏನ್ ನೋಡಾದು ಅಂತ ಸುಮ್ಕಾಗೋದೆ" ಎಂದರು. ಸೊಸೆ ಬಾಗಿಲಲ್ಲಿ ನಿಂತು, ತಾವೂ ಅತ್ತೆಯನ್ನು ಕೇಳುವುದು ಬಿಟ್ಟು ಬಹಳ ಕಾಲವಾಯಿತು ಎಂದಳು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ್ಯಪ್ ಇಲ್ಲದಿದ್ದರೆ ಯಾರೋ ಒಬ್ಬರು ಅವಳ ಕಾಲು ನೋಡುತ್ತಿದ್ದರು. ಅವಳು ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುವುದನ್ನು ನೋಡಿ, ಯಾಕೆ ಹೀಗೆ ಎಂದು ಒಬ್ಬರಾದರೂ ರೇಗುತ್ತಿದ್ದರು. ನಾನು ಮಾಡಿಕೊಟ್ಟದ್ದು ಅವರ ಕಣ್ಣಿಗೆಲ್ಲ ಒಂದು ಬಟ್ಟೆ ಕಟ್ಟಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅಕ್ಕ ನನ್ನ ಭುಜಕ್ಕೆ ಒರಗಿ, ಹಸುವಿಗೆ ಹುಲ್ಲು ಹಾಕಿದರೋ ಇಲ್ಲವೋ ಎಂದು ಕೇಳುತ್ತಿದ್ದಳು. ಆಸ್ಪತ್ರೆಯಲ್ಲಿ ಕಾಲುಂಗುರ ಕತ್ತರಿಸಬೇಕು ಎಂದಾಗ ಮಾತ್ರ ಅತ್ತಳು. ಗಂಡ ಎದುರಿಗೇ ಇದ್ದಾನೆ, ಕಾಲುಂಗುರ ಕತ್ತರಿಸುವುದು ಅಂದರೇನು ಎಂದು ಅವಳ ಸಂಕಟ. ಭಾವ ತಲೆ ತಗ್ಗಿಸಿಕೊಂಡು "ಕತ್ತರ್ಸ್ಲಿ ಬುಡು, ನಾ ಬೇರೆ ಮಾಡುಸ್ಕೊಡ್ತೀನಿ" ಎಂದರು. ನೀರು ಇಳಿಯಿತು, ಉಸಿರು ಬಂತು. ವೈದ್ಯರು ಮಾತ್ರ ಸಮಾಧಾನ ಹೇಳಲಿಲ್ಲ. ಇಷ್ಟು ದಿನ ಏನು ಮಾಡುತ್ತಿದ್ದಿರಿ, ಈ ಸಲ ಕಳೆದುಕೊಂಡದ್ದು ವಾಪಸ್ಸು ಬರುವುದಿಲ್ಲ ಎಂದರು. ದಿನಾ ಕೇಳುತ್ತಿದ್ದೆವು ಡಾಕ್ಟರೇ ಎನ್ನಲು ನನಗೆ ನಾಲಿಗೆ ಬರಲಿಲ್ಲ.

ಊರಿಗೆ ಬಂದು, ಆ್ಯಪ್ ಹಾಕಿಸಿಕೊಂಡಿದ್ದ ಮಿಕ್ಕವರಿಗೆಲ್ಲ ಫೋನು ಮಾಡಿದೆ. ಸಕ್ಕರೆ ಕಾರ್ಖಾನೆಯ ಕಡೆ ಇರುವ, ಮಂಡಿನೋವಿನಿಂದ ನಡೆಯಲಾರದ ಒಬ್ಬ ಹೆಂಗಸನ್ನು ಕೇಳಿದೆ, ನೀವು ಯಾವತ್ತಾದರೂ ಕೆಂಪು ಒತ್ತಿದ್ದೀರಾ ಎಂದು. "ಅಯ್ಯೋ, ಸಂಜೆ ಒತ್ನಲ್ಲಿ ಇಲ್ಲ ಅಂತಾರಾ ಟೀಚರಮ್ಮ? ನೀವು ಓದ್ಕಂಡಿರೋರು" ಎಂದು ನಕ್ಕರು. ಕೆಂಪು ಗುಂಡಿಯನ್ನು ಒಬ್ಬ ಹೆಂಗಸೂ ಮುಟ್ಟಿರಲಿಲ್ಲ. ಗಂಡಸರು ಒತ್ತಿದ್ದರು, ಅದೂ ಧಾರಾಳವಾಗಿ; ಒಬ್ಬರಂತೂ ಸೊಸೆಯ ಮೇಲಿನ ಸಿಟ್ಟಿಗೇ ಒತ್ತುತ್ತಿದ್ದರು.

ಮೊದಲು ಸಮಯ ಬದಲಿಸಿದೆ. ಬೆಳಗ್ಗೆ ಇಟ್ಟರೆ, ಎದ್ದ ಬಾಯಲ್ಲಿ ಇಲ್ಲ ಅನ್ನುವುದು ಹೇಗೆ ಎಂದಳು ಅಕ್ಕ. ಮಧ್ಯಾಹ್ನ ಇಟ್ಟರೆ ಉಣ್ಣುವ ಹೊತ್ತು ಎಂದಳು. ನನಗೆ ತಲೆ ಕೆಟ್ಟುಹೋಯಿತು. ಹಾಗಾದರೆ ದಿನದಲ್ಲಿ ಯಾವ ಗಳಿಗೆಯಲ್ಲಿ ನಿನಗೆ ಆರಾಮಿಲ್ಲ ಎಂದು ಹೇಳಬಹುದು, ಪಂಚಾಂಗ ನೋಡಿ ಹೇಳು ಎಂದು ಕೂಗಾಡಿದೆ. ಅವಳು ನಕ್ಕಳು. ನಗುವುದಕ್ಕೂ ಅವಳಿಗೆ ಆಗ ದಣಿವಾಗುತ್ತಿತ್ತು.

ಕೊನೆಗೆ ಇಲ್ಲ ಎಂಬುದನ್ನೇ ತೆಗೆದೆ, ಹೌದನ್ನೂ ತೆಗೆದೆ. ಮೈಯಲ್ಲಿ ನೀರು ತುಂಬಿದಾಗ ಮಲಗಲು ದಿಂಬು ಹೆಚ್ಚು ಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಪರದೆಯ ಮೇಲೆ ಚಿತ್ರ ಇಟ್ಟೆ. ಒಂದು ದಿಂಬಿಟ್ಟು ಮಲಗಿದ ಹೆಂಗಸು, ಎರಡು ದಿಂಬಿನ ಹೆಂಗಸು, ಮೂರರವಳು, ಕಡೆಗೆ ಗೋಡೆಗೆ ಒರಗಿ ಕೂತೇ ಇರುವವಳು. "ಅಕ್ಕಾ, ರಾತ್ರಿ ಹೇಗೆ ಮಲಗಿದ್ದೆ?" ಎಂದಷ್ಟೇ, ಮತ್ತೆ ಮೊದಲಿನ ಸಂಜೆ ಹೊತ್ತಿಗೇ, ನನ್ನ ಧ್ವನಿ ಕೇಳುತ್ತಿತ್ತು. ದಿಂಬಿನ ಲೆಕ್ಕ ಹೇಳಲು ಅವಳಿಗೆ ಯಾವ ದೋಷವೂ ಕಾಣಲಿಲ್ಲ. ಚಿತ್ರದ ಹೆಂಗಸಿಗೆ ಜಡೆ ಸರಿ ಇಲ್ಲ ಎಂದು ಮಾತ್ರ ದೂರಿದಳು.

ಇನ್ನೊಂದನ್ನೂ ಸೇರಿಸಿದೆ. ಅವಳನ್ನು ಕೇಳಿದ ಹಾಗೆಯೇ ಭಾವನ ಫೋನೂ ಅವರನ್ನು ಕೇಳಬೇಕು: ಇವತ್ತು ಅವಳ ಕಾಲು ಒತ್ತಿ ನೋಡಿದಿರಾ? ಒತ್ತಿದಾಗ, ನೀರು ಸೇರಿದ್ದರೆ ಬೀಳುವ ಗುಳಿ ಬಿದ್ದಿತೇ, ಬೀಳಲಿಲ್ಲವೇ? ಇದನ್ನು ಹೇಳಿಕೊಡಲು ನಾನೇ ಹೋಗಿದ್ದೆ. ಭಾವ ಹೆಂಡತಿಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದರೆ, ಅಕ್ಕ ಬೆಂಕಿ ಸೋಕಿದವಳಂತೆ ಕಾಲು ಎಳೆದುಕೊಂಡಳು. "ಥೂ, ನೀವು ನನ್ ಕಾಲು ಮುಟ್ಟಾದೇ? ನಂಗೆ ಪಾಪ ಬತ್ತದೆ" ಎಂದಳು. ಸೊಸೆ ಮುಖ ತಿರುಗಿಸಿಕೊಂಡು ನಕ್ಕಳು. ಭಾವ ಅವಳ ಮುಖ ನೋಡದೆ "ಆ ಪಾಪ ನಂಗೇ ಇರ್ಲಿ, ಕಾಲ್ ಚಾಚು" ಎಂದರು. ಉಳಿ ಹಿಡಿದು ಹಿಡಿದು ಒರಟಾಗಿದ್ದ ಹೆಬ್ಬೆರಳನ್ನು ಅವಳ ಕಣಕಾಲಿಗೆ ಮೆಲ್ಲಗೆ ಒತ್ತಿ, ತೆಗೆದು, ಗುಳಿ ತುಂಬಿಕೊಳ್ಳುವವರೆಗೂ ನೋಡುತ್ತ ಕೂತರು. ಮದುವೆಯಾಗಿ ಮೊಮ್ಮಗು ಕಂಡ ಮೇಲೆ ಮೊದಲ ಸಲ ಅವರು ಅವಳ ಪಾದ ಮುಟ್ಟಿದ್ದು. ಅಲ್ಲಿ ನಿಲ್ಲಲಾಗದೆ ನಾನು ಹಿತ್ತಲಿಗೆ ಹೋದೆ.

ಅದು ಕೆಲಸ ಮಾಡಿತು. ಎರಡು ಸಲ ದಿಂಬು ಹೆಚ್ಚಿದ್ದು ತಿಳಿದು ಬೇಗ ಕರೆದುಕೊಂಡು ಹೋದೆವು, ಎರಡು ಸಲವೂ ಮಾತ್ರೆಯಲ್ಲೇ ಇಳಿಯಿತು. ಮೂರನೆಯ ಸಲವೂ ಬೇಗವೇ ಹೋದೆವು. ಆದರೆ ಇಳಿಯಬೇಕಾದಷ್ಟು ಇಳಿಯಲಿಲ್ಲ. ವೈದ್ಯರು ಭಾವನನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೆ ಹೇಳಿದರು, ಇನ್ನು ಇಲ್ಲಿ ಮಾಡುವಂಥದ್ದು ಹೆಚ್ಚೇನಿಲ್ಲ, ಮನೆಯಲ್ಲಿ ಎಲ್ಲರ ನಡುವೆ ಇರಲಿ. ಅವತ್ತು ಅವರ ಮೇಲೆ ನನಗೆ ಬಂದ ಕೋಪಕ್ಕೆ ಲೆಕ್ಕವಿರಲಿಲ್ಲ. ಆದರೆ ಆ ಕೋಪ ನಿಜವಾಗಿ ಸೇರಬೇಕಾದದ್ದು ಅವರಿಗಲ್ಲ ಎಂದು ಬಸ್ಸಿನಲ್ಲಿ ಕೂತಾಗ ತಿಳಿಯಿತು. ಆ ಮೊದಲಿನ ಹಸಿರು ಚುಕ್ಕೆಗಳ ದಿನಗಳಲ್ಲೇ ಹೋಗಬೇಕಾದ್ದು ಹೋಗಿಬಿಟ್ಟಿತ್ತು.

ಸೆಂಟರನ್ನು ಮಧ್ಯಾಹ್ನಕ್ಕೇ ಮುಚ್ಚಿ ದಿನ ಬಿಟ್ಟು ದಿನ ಹೊಣಕೆರೆ ಕಡೆಗೆ ಹೋಗತೊಡಗಿದೆ. ಭಾವ ಒರಗಲು ಅನುಕೂಲವಾಗುವಂತೆ ಹಲಗೆ ಬಡಿದು ನಡುಮನೆಯಲ್ಲೇ ಮಂಚ ಹಾಕಿದ್ದರು. ಅಕ್ಕ ಈಗ ಮಲಗುತ್ತಿರಲಿಲ್ಲ. ಚಿತ್ರದ ನಾಲ್ಕನೆಯ ಹೆಂಗಸಿನ ಹಾಗೆ ಕೂತೇ ಇರುತ್ತಿದ್ದಳು. ನನ್ನ ಜೊತೆ ಮಾತು ಕಡಿಮೆ. ಹಸು ಎಷ್ಟು ಹಾಲು ಕೊಟ್ಟಿತು, ಮಗು ಉಂಡಿತೇ ಎಂದು ಕೇಳುತ್ತಿದ್ದಳು. ಹೇಗಿದ್ದೀಯ ಎಂದರೆ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಳು. ನಿಜ ಹೇಳು ಅಕ್ಕ, ಒಂದೇ ಒಂದು ಸಲ, ಎಲ್ಲಿ ನೋಯುತ್ತದೆ ಹೇಳು, ನನಗಾದರೂ ಹೇಳು ಎಂದು ಬೇಡಿಕೊಂಡಿದ್ದೇನೆ. ಏನಿಲ್ಲ ಕಣೆ ಎನ್ನುತ್ತಿದ್ದಳು.

ಒಂದು ಸಂಜೆ ಸೊಸೆ ಗೂಡಿನಲ್ಲಿ ದೀಪ ಹಚ್ಚಿ, ಅತ್ತೆಯ ಕಡೆಗೂ ಒಮ್ಮೆ ಕೈಮುಗಿದು ಒಳಗೆ ಹೋದಳು. ಭಾವ ಮಂಚದ ಕಾಲ ಕಡೆ ಕೂತಿದ್ದರು. ಫೋನು ಬೆಳಗಿ ನನ್ನ ಧ್ವನಿ ದಿಂಬಿನ ಪ್ರಶ್ನೆ ಕೇಳಿತು. ನಾನು ಪಕ್ಕದಲ್ಲೇ ಇದ್ದೆ.

"ಅದ್ನ ಸುಮ್ಕಿರ್ಸೆ" ಎಂದಳು ಅಕ್ಕ. ನಾನು ಆರಿಸಿದೆ.

ಅವಳು ದೀಪವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ತುಂಬ ಸ್ಪಷ್ಟವಾಗಿ, ಒಂದೊಂದೇ ಮಾತಿಗೂ ಉಸಿರು ತೆಗೆದುಕೊಂಡು ಹೇಳಿದಳು: "ನಂಗೆ ಆರಾಮಿಲ್ಲ ಕಣೆ. ಒಂಚೂರೂ ಇಲ್ಲ."

ಈ ಮಾತನ್ನು ಅವಳ ಬಾಯಿಂದ ಹೊರಡಿಸಲೆಂದೇ ನಾನು ಕಂಪ್ಯೂಟರಿನ ಮುಂದೆ ಕೂತು ಕಣ್ಣು ಕೆಡಿಸಿಕೊಂಡಿದ್ದೆ. ಗುಂಡಿ ಇಟ್ಟಿದ್ದೆ, ಬಣ್ಣ ಇಟ್ಟಿದ್ದೆ, ಚಿತ್ರ ಬರೆಸಿದ್ದೆ, ಜಗಳವಾಡಿದ್ದೆ, ಶಾಲು ಹೊದಿಸಿಕೊಂಡಿದ್ದೆ. ಮಾತು ಬಂದೇ ಬಂತು. ನಾನು ಮಂಚದ ಅಂಚಿನಿಂದ ಎದ್ದು, ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

"ದೀಪ ಉರೀತೈತೆ ಅಕ್ಕಾ. ಬುಡ್ತು ಅನ್ನು" ಎಂದೆ. "ಬುಡ್ತು ಅನ್ನಕ್ಕಾ."

ಅವಳು ನನ್ನ ಕೈಯನ್ನು ಬಾಯಿಂದ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬುಡ್ತು ಅನ್ನಲಿಲ್ಲ.